ಅರೆಮುಖದ ಪುಣ್ಯಾತ್ಮ

ಲಿಥೋವ್ರಿಸಿ ಎಂಬ ಬೆಟ್ಟದೂರಿನಲ್ಲಿ ಮರ್ಯಾದೆ ಕೊಡಬೇಕಾದವರು ಯಾರಾದರೂ ಇದ್ದರೆ ಅದು ಅಲ್ಲಿನ ಹೇಸರಗತ್ತೆಗಳು ಮಾತ್ರ ಎಂಬುದು ಅನೆಸ್ತಿಸ್‌ನ ಖಚಿತ ಅಭಿಪ್ರಾಯವಾಗಿತ್ತು. ಹೇಸರಗತ್ತೆಗಳು ಸುಳ್ಳು ಹೇಳುವುದಿಲ್ಲ. ಚಿತ್ರ ಬರೆಯುವವನಿಗೆ ಸಲಹೆಯನ್ನೂ ಕೊಡುವುದಿಲ್ಲ. ಊರಿನ ಮಿಕ್ಕ ನೂರಾನಲವತ್ತು ಜೀವಗಳು ಬೆಳಗಿನಿಂದ ಸಂಜೆಯವರೆಗೆ ಆ ಎರಡು ಕೆಲಸಗಳನ್ನೇ ಮಾಡುತ್ತಿದ್ದವು.

ವಸಂತದಲ್ಲಿ ಬಂದವನು ಅವನು. ಸಂತ ಮೊದೆಸ್ತೋಸನ ಚರ್ಚಿನ ಗೋಡೆಗಳಿಗೆ ಹೊಸದಾಗಿ ಗಾರೆ ಬಳಿದು, ಅದು ಹಸಿ ಇರುವಾಗಲೇ ಚಿತ್ರ ಬರೆಯುವುದು ಅವನ ಕೆಲಸ. ಮೊದೆಸ್ತೋಸ್ ದನಕರುಗಳನ್ನು ಕಾಯುವ ಸಂತ. ದಕ್ಷಿಣದ ಗೋಡೆಯ ತುಂಬ ಅವನು ನಿಂತಿರಬೇಕು, ಅವನ ಸುತ್ತ ಎತ್ತು, ಕುದುರೆ, ಕುರಿ, ನಾಯಿ, ಅವುಗಳ ನಡುವೆ ಊರಿನ ಜನ, ಕಾಲಬುಡದಲ್ಲಿ ಒಂದು ತೋಳ, ತೋಳದ ಹೊಟ್ಟೆಗೆ ಒರಗಿ ನಿದ್ದೆ ಮಾಡುವ ಕುರಿಮರಿ. ಯಾರೂ ಯಾರನ್ನೂ ತಿನ್ನದ, ಯಾರೂ ಯಾರಿಗೂ ಹೆದರದ ಒಂದು ಮಧ್ಯಾಹ್ನ. ಇಂಥ ಊರಿಗೆ ಇಂಥ ಚಿತ್ರ ಬರೆಯುವಾಗ ನಗು ತಡೆದುಕೊಳ್ಳುವುದೇ ಅವನಿಗೆ ಕಷ್ಟವಾಗಿತ್ತು.

ಚಿತ್ರದ ಕರಡನ್ನು ಚರ್ಚಿನ ಸಮಿತಿಗೆ ತೋರಿಸಬೇಕಾಯಿತು. ಸಮಿತಿ ಸೇರುವುದು ಮಿಲ್ತೋಸ್‌ನ ಕಾಫಿ ಅಂಗಡಿಯಲ್ಲಿ. ಅಧ್ಯಕ್ಷ ಸ್ಟೆರ್ಯೋಸ್. ಬೇಟೆಗಾರರ ಸಂಘಕ್ಕೂ ಅವನೇ ಅಧ್ಯಕ್ಷ. ಗರುಡನ ಮೂಗು, ಎಣ್ಣೆ ಹಚ್ಚಿ ತಿರುವಿದ ಮೀಸೆ, ಬೇಸಿಗೆಯಲ್ಲೂ ತೆಗೆಯದ ಬೇಟೆಯ ಟೋಪಿ. ಕರಡಿನ ಮೇಲೆ ಬೆರಳಿಟ್ಟು ಅವನೇ ಶುರು ಮಾಡಿದ.

"ತೋಳ ಯಾಕ್ರೀ ಮೇಸ್ತ್ರಿ? ಚರ್ಚಲ್ಲಿ ಅದಕ್ಕೇನು ಕೆಲಸ? ಮೇಣದಬತ್ತಿ ಹಚ್ಚಕ್ಕೆ ಬಂದಿದ್ಯಾ?"

"ಅಧ್ಯಕ್ಷರೇ, ತೋಳ ಇಲ್ದೆ ಕುರಿಮರಿ ಸುಮ್ನೆ ಮಲಗಿದ್ರೆ ಅದ್ರಲ್ಲಿ ದೇವರ ಮಹಿಮೆ ಏನು ಬಂತು? ಅದು ಬರೀ ಕುರಿಮರಿ" ಎಂದ ಅನೆಸ್ತಿಸ್.

"ಇರ್ಲಿ ಬಿಡಣ್ಣ, ಬಾಯಿ ಮುಚ್ಕೊಂಡಿರೋ ಥರ ಬರೀಲಿ" ಎಂದು ಮಿಲ್ತೋಸ್ ಕಾಫಿ ಬಟ್ಟಲುಗಳ ಆಚೆಯಿಂದ ರಾಜಿ ಮಾಡಿಸಿದ. "ಅದೆಲ್ಲ ಸರಿ ಮೇಸ್ತ್ರಿ, ನನ್ನ ಹಂದಿ ಎಲ್ಲಿ?"

"ಸಂತರ ಕಾಲಬುಡದಲ್ಲಿ ಹಂದೀನಾ!" ಎಂದು ಪಾದ್ರಿ ಪಾಪಾ ಕೊಸ್ಮಾಸ್ ಶಿಲುಬೆ ಗುರುತು ಹಾಕಿಕೊಂಡರು.

"ಯಾಕೆ ಪಾಪಾ? ಇಪ್ಪತ್ತು ವರ್ಷದಿಂದ ಕ್ರಿಸ್ಮಸ್ಸಿಗೆ ನೀವೆಲ್ಲ ತಿಂತಾ ಬಂದಿರೋದು ಅದ್ರ ಮನೆತನಾನೇ. ಅಷ್ಟೂ ಉಪಕಾರಸ್ಮರಣೆ ಬೇಡ್ವಾ?"

ಎರಡು ಗಂಟೆ ಇದೇ ನಡೆಯಿತು. ಒಬ್ಬನಿಗೆ ತನ್ನ ಸತ್ತ ಕುದುರೆ ಬೇಕು, ಇನ್ನೊಬ್ಬಳಿಗೆ ತನ್ನ ಬೆಕ್ಕು ಬೇಕು, ಪಕ್ಕದ ಮನೆಯವರದ್ದು ಮಾತ್ರ ಬೇಡ. ಸ್ಟೆರ್ಯೋಸ್ ಕೊನೆಗೆ ಅನೆಸ್ತಿಸ್‌ನ ಹೆಗಲು ತಟ್ಟಿ, "ಅಧ್ಯಕ್ಷ ಅಂತ ನನ್ನನ್ನೂ ಎಲ್ಲಾದ್ರೂ ಒಂದು ಮೂಲೇಲಿ ನಿಲ್ಲಿಸಿ ಮೇಸ್ತ್ರಿ. ದೊಡ್ಡದಾಗಿ ಬೇಡ. ಕಾಣೋ ಹಾಗಿದ್ರೆ ಸಾಕು" ಎಂದ. ಅನೆಸ್ತಿಸ್ ತಲೆಯಾಡಿಸಿದ. ಒಳಗೊಳಗೆ ಇಡೀ ಸಮಿತಿಯ ಮೇಲೆ ಉಗಿದ.

ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವನು ಅಟ್ಟಣಿಗೆಯ ಮೇಲೆ ಎತ್ತಿನ ತಲೆಯನ್ನು ಬರೆಯುತ್ತಿದ್ದ. ಒಂದು ದಿನಕ್ಕೆ ಎಷ್ಟು ಬರೆಯಲಾಗುವುದೋ ಅಷ್ಟೇ ಗೋಡೆಗೆ ನಸುಕಿನಲ್ಲಿ ಗಾರೆ ಬಳಿಯಬೇಕು. ಅದು ಒಣಗುವುದರೊಳಗೆ ಬಣ್ಣ ಕುಡಿಸಬೇಕು. ಒಣಗಿತೋ, ಮುಗಿಯಿತು: ಬರೆದದ್ದು ಕಲ್ಲಾಗುತ್ತದೆ, ಬರೆಯದ ಜಾಗ ದಂಡವಾಗುತ್ತದೆ. ತಿದ್ದಬೇಕೆಂದರೆ ಸುತ್ತಿಗೆಯಿಂದ ಕೆಡವುವುದೊಂದೇ ದಾರಿ. ಅಟ್ಟಣಿಗೆಯ ಎತ್ತರಕ್ಕೆ ಸರಿಯಾಗಿ ಒಂದು ಸಣ್ಣ ಕಿಟಕಿ ಇತ್ತು. ಅದರಿಂದ ನೋಡಿದರೆ ಹಾದಿಯ ತಿರುವಿನಲ್ಲಿರುವ ನೀರಿನ ತೊಟ್ಟಿ ಕಾಣುತ್ತದೆ.

ತೊಟ್ಟಿಯ ಬಳಿ ಸ್ಟೆರ್ಯೋಸ್‌ನ ಕೆಂಪು ಪಿಕಪ್ ಗಾಡಿ ನಿಂತಿತು. ಸ್ಟೆರ್ಯೋಸ್ ಇಳಿದ. ಕಾಗದದ ಪೊಟ್ಟಣ ಬಿಚ್ಚಿ, ಮಾಂಸದ ಉಂಡೆಗಳನ್ನು ಒಂದೊಂದಾಗಿ ಹುಲ್ಲಿನೊಳಗೆ ಇಟ್ಟ. ಕೈಯಲ್ಲಿ ಕಪ್ಪು ರಬ್ಬರಿನ ಕೈಗವಸು. ನಾಯಿಗೆ ಪ್ರೀತಿಯಿಂದ ತಿಂಡಿ ಹಾಕುವವನು ಕೈಗವಸು ಹಾಕಿಕೊಳ್ಳುವುದಿಲ್ಲ ಎಂಬುದು ಅನೆಸ್ತಿಸ್‌ಗೆ ಆ ಗಳಿಗೆಯಲ್ಲೇ ಹೊಳೆಯಿತು. ಮೂರು ವಾರದ ಹಿಂದೆ ಸ್ಟೆರ್ಯೋಸ್‌ನ ಬೇಟೆನಾಯಿ ಜಿಸೂಲಾಳ ಕುರಿಮಂದೆಯೊಳಗೆ ನುಗ್ಗಿದಾಗ ಅವಳ ಕಾವಲುನಾಯಿಗಳು ಅದರ ತೊಡೆ ಸೀಳಿದ್ದವು. ಆ ಕತೆ ಊರಿಗೆಲ್ಲ ಗೊತ್ತಿತ್ತು.

ಅವನು ಕೆಳಗಿಳಿಯಬಹುದಿತ್ತು. ಇಳಿದು ಆ ಉಂಡೆಗಳನ್ನು ಹೆಕ್ಕಿ ಗುಂಡಿಗೆ ಹಾಕಲು ಹತ್ತು ನಿಮಿಷ ಸಾಕಿತ್ತು. ಆದರೆ ಗೋಡೆಯ ಮೇಲೆ ಗಾರೆ ಹಸಿಯಿತ್ತು, ಎತ್ತಿನ ಎಡಗಣ್ಣು ಅರ್ಧಕ್ಕೆ ನಿಂತಿತ್ತು. ಕಣ್ಣು ಮುಗಿಸಿ ಇಳಿಯೋಣ ಎಂದುಕೊಂಡ. ಕಣ್ಣು ಮುಗಿದ ಮೇಲೆ ಕೊಂಬು ಉಳಿದಿತ್ತು. ಕೊಂಬು ಮುಗಿಯುವ ಹೊತ್ತಿಗೆ ಕೆಳಗೆ ಕುರಿಗಂಟೆಗಳ ಸದ್ದು ಬಂದು ಹೋಗಿಯೂ ಆಗಿತ್ತು. ಎತ್ತಿನ ಕಣ್ಣು ಬಹಳ ಚೆನ್ನಾಗಿ ಬಂದಿದೆ. ಈಗಲೂ ನೋಡಿದವರು ಅದನ್ನು ಹೊಗಳುತ್ತಾರೆ.

ಮರುದಿನ ಜಿಸೂಲಾ ಚರ್ಚಿಗೆ ಬಂದಳು. ಐವತ್ತು ದಾಟಿದ ಹೆಂಗಸು. ಗಂಡ ಸತ್ತ ಮೇಲೆ ಮುನ್ನೂರು ಕುರಿಗಳನ್ನು ಒಬ್ಬಳೇ ಮೇಯಿಸುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಕೆಸರು ಮೆತ್ತಿದ ಬೂಟಿನಲ್ಲೇ ಅಟ್ಟಣಿಗೆಯ ಕೆಳಗೆ ನಿಂತು ಕೋಲಿನಿಂದ ಕಂಬ ಕುಟ್ಟಿದಳು.

"ಮೇಸ್ತ್ರಿ, ಇಳೀರಿ ಕೆಳಗೆ."

ಅವನು ಇಳಿದ.

"ಮೂರ್ಗೋಸ್ ಸತ್ತ. ಲಿಯಾರಾನೂ ಸತ್ಲು. ಎರಡೂ ನಾಯಿಗೆ ಬಾಯಲ್ಲಿ ನೊರೆ, ಕಾಲು ಸೆಟೆದು, ಅರ್ಧ ಗಂಟೆ ಒದ್ದಾಡಿದ್ರು. ಆ ಕಿಟಕೀಲಿ ತೊಟ್ಟಿ ಕಾಣತ್ತೆ. ಯಾರು ಬಂದಿದ್ರು?"

ಅನೆಸ್ತಿಸ್ ಕುಂಚ ತೊಳೆಯತೊಡಗಿದ. ಅದು ಆಗಲೇ ಶುಚಿಯಾಗಿತ್ತು.

"ನಂಗೆ ಗೊತ್ತು ಯಾರು ಅಂತ. ಊರಿಗೇ ಗೊತ್ತು. ಆದ್ರೆ ನೋಡ್ದೋರು ಒಬ್ರು ಬೇಕಂತೆ ಠಾಣೇಲಿ. ಕೇಳಿ ಇಲ್ಲಿ. ಒಂದೇ ಒಂದು ಹೆಣ್ಣುನಾಯಿ ಉಳಿದಿದೆ ನಂಗೆ, ಅಸೀಮೋ ಅಂತ. ಅದಕ್ಕೆ ತಂತೀದು ಬಾಯಿಕುಕ್ಕೆ ಹಾಕಿದೀನಿ, ವಿಷ ತಿನ್ನಬಾರ್ದು ಅಂತ. ಕುಕ್ಕೆ ಇದ್ರೆ ಅದು ತೋಳಾನ ಕಚ್ಚಕ್ಕಾಗಲ್ಲ. ಹಿಮ ಬಿದ್ಮೇಲೆ ತೋಳ ಇಳಿಯತ್ತೆ. ನೀವು ಹೋಗಿ ಹೆಸರು ಹೇಳಿದ್ರೆ ಅವನ ಬಂದೂಕು, ಪರವಾನಗಿ ಎಲ್ಲ ಕಿತ್ಕೊಳ್ತಾರೆ, ಇನ್ನೊಬ್ಬನಿಗೂ ಹೆದರಿಕೆ ಇರತ್ತೆ. ನಾನು ಕುಕ್ಕೆ ಬಿಚ್ತೀನಿ. ಅಷ್ಟೇ ನಾನು ಕೇಳೋದು."

ಅಷ್ಟೇ ಕೇಳಿದಳು. ಅನೆಸ್ತಿಸ್‌ಗೆ ಚಾವಣಿಯ ಗುಮ್ಮಟ ನೆನಪಾಯಿತು. ಅದಕ್ಕೆ ಚಿತ್ರ ಬರೆಯುವುದು ಎರಡು ವರ್ಷದ ಕೆಲಸ, ಜೀವಮಾನದಲ್ಲಿ ಒಮ್ಮೆ ಸಿಗುವಂಥದ್ದು. ಅದನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವವನು ಸ್ಟೆರ್ಯೋಸ್. ಆದರೆ ತಾನು ಅಂಜುಬುರುಕ ಎಂದು ಒಪ್ಪಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಅಂಜುಬುರುಕರೆಲ್ಲ ಕಾಫಿ ಅಂಗಡಿಯಲ್ಲಿದ್ದರು. ಅವನು ಕಲಾವಿದ.

"ಠಾಣೆಗೆ ಹೋಗಿ ಬೊಗಳೋದು ಯಾರು ಬೇಕಾದ್ರೂ ಮಾಡ್ತಾರೆ. ಕಾಗದ ಹರಿದುಹೋಗತ್ತೆ. ಹಬ್ಬದ ದಿನ ಬಾ ಜಿಸೂಲಾ. ನನ್ನ ಗೋಡೆ ಹೇಳತ್ತೆ. ಇನ್ನೂರು ವರ್ಷ ಹೇಳ್ತಾನೇ ಇರತ್ತೆ."

ಅವಳು ಅವನನ್ನೂ ಗೋಡೆಯನ್ನೂ ನೋಡಿದಳು. "ಗೋಡೆ ಠಾಣೆಗೆ ಬರತ್ತಾ?" ಎಂದು ಕೇಳಿ ಹೊರಟುಹೋದಳು.

ನವೆಂಬರ್ ಮೊದಲ ವಾರದಲ್ಲಿ ಒಂದು ದಿನ ಅನೆಸ್ತಿಸ್ ಗೋಡೆಯ ಬಲಮೂಲೆಗೆ ಗಾರೆ ಬಳಿದ. ಆ ದಿನದಷ್ಟು ಖುಷಿಯಿಂದ ಅವನು ಎಂದೂ ಕೆಲಸ ಮಾಡಿರಲಿಲ್ಲ. ಮೂರ್ಗೋಸ್‌ನನ್ನು ಬರೆದ, ಹರಿದ ಎಡಗಿವಿ ಸಮೇತ. ಲಿಯಾರಾಳನ್ನು ಬರೆದ, ಎದೆಯ ಬಿಳಿ ಮಚ್ಚೆ ಸಮೇತ. ಅವುಗಳ ಮುಂದೆ ಸ್ಟೆರ್ಯೋಸ್‌ನನ್ನು ನಿಲ್ಲಿಸಿದ: ಅದೇ ಟೋಪಿ, ಅದೇ ಮೀಸೆ, ಚಾಚಿದ ಕೈಗೆ ಕಪ್ಪು ಕೈಗವಸು, ಅಂಗೈಯಲ್ಲಿ ಹಸಿರು ತಿರುಗಿದ ಮಾಂಸದ ಉಂಡೆ. ಅದರ ವಾಸನೆಗೆ ಕಾಲಬುಡದ ತೋಳ ಕೂಡ ಮೂಗು ಆಚೆ ತಿರುಗಿಸಿತ್ತು.

ಎಲ್ಲಕ್ಕಿಂತ ದೊಡ್ಡ ಏಟು ಮುಖದಲ್ಲಿತ್ತು. ಈ ಕಸುಬಿನಲ್ಲಿ ಸಾವಿರ ವರ್ಷದಿಂದ ಒಂದು ಕಟ್ಟಳೆ ಇದೆ. ಸಂತರಾಗಲಿ, ಪಾಪಿಯಾದರೂ ಪಶ್ಚಾತ್ತಾಪ ಪಟ್ಟವನಾಗಲಿ, ಯಾರನ್ನು ಬರೆದರೂ ಎರಡು ಕಣ್ಣು ಕಾಣುವಂತೆ ನಮ್ಮ ಕಡೆ ತಿರುಗಿಸಿ ಬರೆಯಬೇಕು. ಬರೀ ಪಕ್ಕದಿಂದ, ಒಂದೇ ಕಣ್ಣು ಕಾಣುವಂತೆ ಬರೆಯುವುದು ಇಬ್ಬರನ್ನು ಮಾತ್ರ: ಗುರುವನ್ನೇ ಹಿಡಿದುಕೊಟ್ಟ ಯೂದನನ್ನು, ಸೈತಾನನನ್ನು. ಅಂಥವರ ಕಣ್ಣಿಗೆ ಪ್ರಾರ್ಥನೆ ಮಾಡುವವರ ಕಣ್ಣು ಸೇರಬಾರದು ಎಂಬ ಕಾರಣಕ್ಕೆ. ಅನೆಸ್ತಿಸ್ ಆ ಗೋಡೆಯ ಮೇಲಿನ ಎಲ್ಲರಿಗೂ, ಮಿಲ್ತೋಸ್‌ನ ಹಂದಿಗೂ, ಎರಡು ಕಣ್ಣು ಕೊಟ್ಟ. ಸ್ಟೆರ್ಯೋಸ್‌ಗೆ ಒಂದೇ ಕಣ್ಣು.

ಇನ್ನೇನು ಬೇಕು? ಕುರುಡನಿಗೂ ಅರ್ಥವಾಗಬೇಕು ಎಂದುಕೊಂಡು, ಸಂಜೆ ಗೋಡೆಗೆ ಪರದೆ ಇಳಿಬಿಟ್ಟು, ಮಿಲ್ತೋಸ್‌ನ ಅಂಗಡಿಯಲ್ಲಿ ಸ್ಟೆರ್ಯೋಸ್ ಕೊಡಿಸಿದ ದ್ರಾಕ್ಷಿಯ ಸಾರಾಯಿಯನ್ನೇ ಕುಡಿದು ಬಂದ.

ಡಿಸೆಂಬರ್ ಹದಿನೆಂಟು ಮೊದೆಸ್ತೋಸ್ ಹಬ್ಬ. ಅಂದು ಊರಿನ ಪ್ರಾಣಿಗಳೆಲ್ಲ ಚರ್ಚಿನ ಅಂಗಳಕ್ಕೆ ಬರುತ್ತವೆ. ಬೇಯಿಸಿದ ಗೋಧಿಯ ಪ್ರಸಾದವನ್ನು ಜನ ತಾವೂ ತಿಂದು ಮೇವಿಗೂ ಬೆರೆಸುತ್ತಾರೆ. ಆ ವರ್ಷ ಪಟ್ಟಣದಿಂದ ಬಿಷಪ್ಪರೂ ಬಂದಿದ್ದರು. ಪೂಜೆ ಮುಗಿಯಿತು, ಪರದೆ ಜಾರಿತು. ಜನ ಮುಂದಕ್ಕೆ ಬಾಗಿದರು. ಅನೆಸ್ತಿಸ್ ಕಂಬಕ್ಕೆ ಒರಗಿ ಕೈಕಟ್ಟಿ ನಿಂತಿದ್ದ. ಈಗ ನೋಡಿ, ಈಗ, ಎಂದುಕೊಂಡ.

"ಅಯ್ಯೋ ನಮ್ಮಪ್ಪ, ಸ್ಟೆರ್ಯೋಸ್!" ಎಂದು ಮಿಲ್ತೋಸ್ ಕೂಗಿದ. "ಹಳೇ ನಾಣ್ಯದ ಮೇಲೆ ಅಲೆಕ್ಸಾಂಡರ್ ದೊರೆ ಇರ್ತಾನಲ್ಲ, ಥೇಟ್ ಹಂಗೇ!"

"ಹೌದಲ್ವಾ! ಆ ಮೂಗು ನೋಡ್ರೀ!"

"ಮಿಕ್ಕೋರೆಲ್ಲ ಫೋಟೋಕ್ಕೆ ನಿಂತ ಹಾಗೆ ಬೆಪ್ಪಾಗಿ ನೋಡ್ತಿದಾರೆ. ಇವ್ನೊಬ್ನೇ ತನ್ನ ಕೆಲಸ ತಾನು ಮಾಡ್ತಿದಾನೆ."

"ನಾಯಿಗೆ ಊಟ ಹಾಕ್ತಿದಾನೆ, ಪುಣ್ಯಾತ್ಮ. ಚಳಿ ಅಂತ ಕೈಗವಸೂ ಬರೆದಿದಾರೆ, ಪಾಪ."

ಚಪ್ಪಾಳೆ ಬಿತ್ತು. ಸ್ಟೆರ್ಯೋಸ್‌ನ ಕಣ್ಣಿಂದ, ನಿಜವಾದ ಎರಡೂ ಕಣ್ಣಿಂದ, ನೀರು ಇಳಿಯಿತು. ಅವನು ಅನೆಸ್ತಿಸ್‌ನನ್ನು ಬಾಚಿ ತಬ್ಬಿಕೊಂಡು ಎರಡು ಕೆನ್ನೆಗೂ ಮುತ್ತಿಟ್ಟ. "ಇಷ್ಟು ಗೌರವ ಮಾಡ್ತೀರಿ ಅಂದ್ಕೊಂಡಿರಲಿಲ್ಲ ಮೇಸ್ತ್ರಿ. ಗುಮ್ಮಟ ನಿಮ್ದೇ. ಬೇರೆಯವರ ಮಾತೇ ಇಲ್ಲ." ಕನ್ನಡಕ ಮರೆತು ಬಂದಿದ್ದ ಬಿಷಪ್ಪರು ಮೂಕಪ್ರಾಣಿಗಳ ಮೇಲಿನ ದಯೆಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಮಾತಿನ ನಡುವೆ ಪಾಪಾ ಕೊಸ್ಮಾಸ್ ಅನೆಸ್ತಿಸ್‌ನ ಕಿವಿಗೆ ಬಾಗಿದರು.

"ಒಂದು ಕಣ್ಣು ಯಾಕೆ ಅಂತ ನಂಗೆ ಗೊತ್ತು. ನಾನೇನು ಯಾರಿಗೂ ಹೇಳಕ್ಕೆ ಹೋಗಲ್ಲ. ನೀವೂ ಹೋಗ್ಬೇಡಿ. ಚಾವಣಿ ಸೋರ್ತಾ ಇದೆ, ಅದನ್ನ ಕಟ್ಟಿಸ್ತಿರೋನೂ ಅವನೇ."

ಈ ಕತ್ತೆಗಳ ಮುಖಕ್ಕೆ ಉಗಿದರೂ ಪನ್ನೀರು ಎಂದು ಒರೆಸಿಕೊಳ್ಳುತ್ತವೆ. ಅನೆಸ್ತಿಸ್ ಹಲ್ಲು ಕಡಿಯುತ್ತ ಅಂಗಳಕ್ಕೆ ಬಂದ. ಅಲ್ಲಿ ಜಿಸೂಲಾ ನಿಂತಿದ್ದಳು. ಅವಳ ಕಾಲ ಬಳಿ ಅಸೀಮೋ, ಬೂದುಬಣ್ಣದ ದೊಡ್ಡ ನಾಯಿ, ಮೂತಿಯ ಸುತ್ತ ತಂತಿಯ ಕುಕ್ಕೆ. ಎಲ್ಲ ಪ್ರಾಣಿಗಳೂ ಪ್ರಸಾದ ತಿನ್ನುತ್ತಿದ್ದವು. ಅದೊಂದು ಮಾತ್ರ ತಂತಿಯ ಕಂಡಿಯಿಂದ ನಾಲಿಗೆ ಚಾಚಿ ನೆಲ ನೆಕ್ಕುತ್ತಿತ್ತು.

"ನೋಡಿದೆ ಮೇಸ್ತ್ರಿ ನಿಮ್ಮ ಗೋಡೇನ" ಎಂದಳು. "ಅವನ ಕೈಯಿಂದ ನನ್ನ ಮಕ್ಕಳಿಗೆ ಇನ್ನೊಂದ್ಸಲ ತಿನ್ನಿಸಿಬಿಟ್ರಲ್ಲ."

"ಅಯ್ಯೋ, ಅದು ಹಾಗಲ್ಲ ಜಿಸೂಲಾ! ಒಂದೇ ಕಣ್ಣು, ನೋಡು, ಅದು ಯೂದನ ಗುರುತು..."

"ಯಾರಿಗೆ ಗೊತ್ತದು?"

"ನಂಗೆ ಗೊತ್ತು."

"ನಿಮಗೆ ಮುಂಚೇನೂ ಗೊತ್ತಿತ್ತು."

ಅವನಿಗೆ ರೇಗಿಹೋಯಿತು. ಅವಳ ಮೇಲೋ ಊರಿನ ಮೇಲೋ ತನ್ನ ಮೇಲೋ ಅವನಿಗೇ ತಿಳಿಯದು. ಪ್ರಸಾದದ ಮೇಜಿನ ಬಳಿ ಠಾಣೆಯ ಪೇದೆ ಗೋಧಿ ಮುಕ್ಕುತ್ತಿದ್ದ. ಅನೆಸ್ತಿಸ್ ಅವನ ತೋಳು ಹಿಡಿದು, ಅಂಗಳಕ್ಕೆಲ್ಲ ಕೇಳುವಂತೆ ಕಿರುಚಿದ:

"ಬರ್ಕೊಳ್ಳಿ! ನಾನು ನೋಡಿದೀನಿ! ಅಕ್ಟೋಬರಲ್ಲಿ ತೊಟ್ಟಿ ಹತ್ರ ವಿಷ ಇಟ್ಟೋನು ಇವನೇ, ಈ ಸ್ಟೆರ್ಯೋಸ್!"

ಒಂದು ಆಡು ಕೆಮ್ಮಿತು. ಪೇದೆ ಬಾಯಲ್ಲಿದ್ದದ್ದನ್ನು ನುಂಗಿ, ಮೀಸೆ ಒರೆಸಿಕೊಂಡ.

"ಅಕ್ಟೋಬರಲ್ಲಿ ನೋಡಿದ್ರಿ."

"ಹೂಂ."

"ನವೆಂಬರಲ್ಲಿ, ಅದೇ ಮನುಷ್ಯ ಅದೇ ನಾಯಿಗಳಿಗೆ ಊಟ ಹಾಕೋ ಚಿತ್ರ ಬರೆದ್ರಿ. ಚರ್ಚಿನ ಗೋಡೆ ಮೇಲೆ. ಬಿಷಪ್ಪರ ಕೈಲಿ ಆಶೀರ್ವಾದ ಮಾಡ್ಸಿದ್ರಿ."

"ಅದು ಊಟ ಅಲ್ರೀ! ಅದು ವಿಷ! ಪಕ್ಕದಿಂದ ಬರೆದ್ರೆ..."

"ಮೇಸ್ತ್ರಿ" ಎಂದ ಪೇದೆ, ಬೇಸರದಿಂದ. "ನಾನೀಗ ಏನಂತ ಬರ್ಕೊಳ್ಳಲಿ? ಸಾಕ್ಷಿ ಗೋಡೆ ಮೇಲೆ ಒಂದು ಹೇಳಿದಾನೆ, ಬಾಯಲ್ಲಿ ಇನ್ನೊಂದು ಹೇಳ್ತಿದಾನೆ ಅಂತ್ಲಾ? ನಾಳೆ ವಕೀಲ ಆ ಚಿತ್ರದ ಫೋಟೋ ಹಿಡ್ಕೊಂಡು ಬಂದ್ರೆ ನೀವು ಎಲ್ಲಿ ಮುಖ ಇಟ್ಕೋತೀರಿ?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಅದು ದ್ವೇಷದ ನಗುವಲ್ಲ, ಹಬ್ಬದ ದಿನ ಹೆಚ್ಚು ಕುಡಿದವನನ್ನು ನೋಡಿ ನಗುವ ನಗು. ಸ್ಟೆರ್ಯೋಸ್ ಬಂದು ಅನೆಸ್ತಿಸ್‌ನ ಕೊರಳಪಟ್ಟಿ ಸರಿಮಾಡಿದ. ಅವನ ಒಂದು ಕಣ್ಣು ಕೂಡ ಮಿಟುಕಲಿಲ್ಲ.

"ಬಿಡ್ರಪ್ಪಾ, ಪಾಪ. ಎಂಟು ತಿಂಗಳಿಂದ ಸುಣ್ಣದ ಘಾಟು ಕುಡಿದಿದಾರೆ, ತಲೆಗೇರಿದೆ. ಹೋಗಿ ಮಲಗಿ ಮೇಸ್ತ್ರಿ. ನಾನೇನು ಮನಸ್ಸಲ್ಲಿಟ್ಕೊಳಲ್ಲ."

ಕ್ಷಮಿಸಿಯೂ ಬಿಟ್ಟ! ಅನೆಸ್ತಿಸ್ ಜಿಸೂಲಾ ನಿಂತಿದ್ದ ಕಡೆ ನೋಡಿದ. ಅವಳು ಆಗಲೇ ನಾಯಿಯನ್ನು ಕರೆದುಕೊಂಡು ಬೆಟ್ಟದ ಹಾದಿ ಹಿಡಿದಿದ್ದಳು.

ಜನವರಿಯಲ್ಲಿ ಹಿಮ ಬಿತ್ತು. ಹಸಿ ಗಾರೆ ಹೆಪ್ಪುಗಟ್ಟುವ ಚಳಿಯಲ್ಲಿ ಗೋಡೆಯ ಕೆಲಸವಿಲ್ಲ. ಅನೆಸ್ತಿಸ್ ಚರ್ಚಿನ ಪಕ್ಕದ ಕೋಣೆಯಲ್ಲಿ ಒಲೆಯ ಮುಂದೆ ಕೂತು ಗುಮ್ಮಟದ ಕರಡು ಬರೆಯುತ್ತಿದ್ದ. ಹೌದು, ಗುಮ್ಮಟದ ಕೆಲಸ ಒಪ್ಪಿಕೊಂಡಿದ್ದ. ಒಂದು ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಜಿಸೂಲಾ ಬಂದಳು. ಒಬ್ಬಳೇ. ಕೈಯಲ್ಲಿ ತಂತಿಯ ಬಾಯಿಕುಕ್ಕೆ. ತಂತಿ ಒಂದು ಕಡೆ ಚಪ್ಪಟೆಯಾಗಿತ್ತು, ಚರ್ಮದ ಪಟ್ಟಿಗೆ ಒಣಗಿದ ರಕ್ತ ಮೆತ್ತಿತ್ತು.

"ಮೂರು ತೋಳ ಬಂದಿದ್ವು" ಎಂದಳು. "ಅಸೀಮೋ ಮುಂದೆ ಹೋಗಿ ನಿಂತ್ಲು. ಓಡಿಹೋಗ್ಲಿಲ್ಲ. ಬರೀ ಮೂತೀಲಿ ಗುದ್ದಿದ್ಲು, ಗುದ್ದಿದ್ಲು. ಅವಕ್ಕೆ ಗೊತ್ತಾಯ್ತು ಇವಳಿಗೆ ಕಚ್ಚಕ್ಕಾಗಲ್ಲ ಅಂತ."

ಅನೆಸ್ತಿಸ್ ಎದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಸುತ್ತಿಗೆಯನ್ನು ತೆಗೆದುಕೊಂಡು ಚರ್ಚಿನೊಳಗೆ ಹೋದ. ಅವಳು ಹಿಂದೆಯೇ ಬಂದಳು. ಅವನು ಬಲಮೂಲೆಯ ಮುಂದೆ ನಿಂತು ಆ ಗರುಡನ ಮೂಗಿಗೆ ಸರಿಯಾಗಿ ಸುತ್ತಿಗೆ ಎತ್ತಿದ.

"ಮುಟ್ಬೇಡ."

ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು.

"ಈ ಮೂಲೆಯೆಲ್ಲ ಒಂದೇ ದಿನದ ಗಾರೆ ಅಂತ ಊರಿಗೆಲ್ಲ ಹೇಳ್ಕೊಂಡಿದೀಯಲ್ಲ ನೀನು. ಅವನನ್ನ ಕೆಡವಿದ್ರೆ ಪಕ್ಕದಲ್ಲಿರೋರೂ ಬೀಳ್ತಾರೆ. ಮೂರ್ಗೋಸ್‌ನ ಆ ಹರಿದ ಕಿವಿ ಇನ್ನು ಇರೋದು ಅಲ್ಲೊಂದೇ ಕಡೆ. ಅದನ್ನೂ ಕಿತ್ಕೋಬೇಡ."

ಸುತ್ತಿಗೆ ಕೆಳಗಿಳಿಯಿತು. ಅವಳು ಜೇಬಿನಿಂದ ಒಂದು ಲಾಳದ ಮೊಳೆ ತೆಗೆದು ಅವನ ಮುಂದೆ ಹಿಡಿದಳು.

"ಸುತ್ತಿಗೆ ತಂದಿದೀಯಲ್ಲ. ಇದನ್ನ ಹೊಡಿ. ಅವನ ಕೈಯ ಕೆಳಗೆ."

ಅವನು ಹೊಡೆದ. ಗಾರೆ ಚೆನ್ನಾಗಿ ಕಚ್ಚಿಕೊಂಡಿತ್ತು, ಅವನ ಕೆಲಸ ಯಾವಾಗಲೂ ಗಟ್ಟಿ. ಏಳು ಏಟು ಬೇಕಾಯಿತು. ಅವಳು ಕುಕ್ಕೆಯನ್ನು ಮೊಳೆಗೆ ತೂಗುಹಾಕಿ, ಶಿಲುಬೆ ಗುರುತನ್ನೂ ಹಾಕಿಕೊಳ್ಳದೆ ಹೊರಟುಹೋದಳು. ವಸಂತದಲ್ಲಿ ಕುರಿಗಳನ್ನೆಲ್ಲ ಮಾರಿ ಪಟ್ಟಣದ ತಂಗಿಯ ಮನೆ ಸೇರಿದಳು ಎಂದು ಮಿಲ್ತೋಸ್ ಹೇಳಿದ.

ಕುಕ್ಕೆಯನ್ನು ಯಾರೂ ತೆಗೆಯಲಿಲ್ಲ. ಕಾಲು ನೋವಿಗೆ ಬೆಳ್ಳಿಯ ಕಾಲು, ಕಣ್ಣು ನೋವಿಗೆ ಬೆಳ್ಳಿಯ ಕಣ್ಣು ತಂದು ಸಂತರ ಮುಂದೆ ತೂಗುಹಾಕುವ ಜನ ಅವರು. ಇದೂ ಯಾರದೋ ಹರಕೆ ಎಂದುಕೊಂಡರು. ಈಗ ಭಾನುವಾರ ಬಂದರೆ ಹೆಂಗಸರು ಸಾಲಾಗಿ ಬಂದು ಮೊದಲು ಸಂತರ ಪಾದಕ್ಕೆ, ಆಮೇಲೆ ಆ ತಂತಿಗೆ ಮುತ್ತಿಡುತ್ತಾರೆ. ಸ್ಟೆರ್ಯೋಸ್ ಕೂಡ ಟೋಪಿ ತೆಗೆದು ಬಾಗಿ ಮುತ್ತಿಡುತ್ತಾನೆ. ಅನೆಸ್ತಿಸ್ ಗುಮ್ಮಟದ ಅಟ್ಟಣಿಗೆಯಿಂದ ಎಲ್ಲವನ್ನೂ ನೋಡುತ್ತಾನೆ. ಆ ಊರಿನವರನ್ನು ನೋಡಿದರೆ ಅವನಿಗೆ ಈಗಲೂ ಹೇಸಿಗೆಯೇ. ಆದರೆ ಹಾಗೆ ಹೇಸಿಕೊಳ್ಳಲು ಈಗ ಕೆಳಗೆ ನೋಡಬೇಕಾಗಿಯೇ ಇಲ್ಲ.

ಒಮ್ಮೊಮ್ಮೆ ಪರ ಊರಿನವರು ಬರುತ್ತಾರೆ. ಗೋಡೆಯನ್ನು ಹೊಗಳುತ್ತಾರೆ, ಎತ್ತಿನ ಕಣ್ಣನ್ನು ಹೊಗಳುತ್ತಾರೆ. ಮೂಲೆಗೆ ಬಂದಾಗ ನಿಂತು, ತಲೆಯೆತ್ತಿ, ಇದು ಯಾರ ಹರಕೆ ಎಂದು ಅವನನ್ನು ಕೇಳುತ್ತಾರೆ.

"ನಂದು" ಎನ್ನುತ್ತಾನೆ.